ಊಟದ ಮೇಜಿನ ಮೇಲೆ ಖಾನ್‌ಗಳ ಸಭೆ

ಬ್ಯಾಟಲ್‌ಟೆಕ್ ಅನ್ನುವ ಮೇಜಿನ ಯುದ್ಧದಾಟ ಆಡುವವರಲ್ಲಿ ಹೆಚ್ಚಿನವರಿಗೆ ಕ್ಲಾನ್‌ಗಳು, ಅಂದರೆ ಅದರ ಕಥೆಯ ಯೋಧರ ಕುಲಗಳು, ಇಷ್ಟವಾಗುವುದು ಅವುಗಳ ದೈತ್ಯ ಯುದ್ಧಯಂತ್ರಗಳಿಂದ. 75 ಟನ್ ತೂಕದ ಟಿಂಬರ್ ವುಲ್ಫ್ ಮ್ಯಾಪ್ ಮೇಲೆ ಬಂದು ನಿಂತರೆ ಎದುರಿಗೆ ಕೂತವನ ಮುಖ ಸಣ್ಣಗಾಗುತ್ತದೆ. ಅಷ್ಟಾದರೆ ಸಾಕು ಅನ್ನುವವರೇ ಜಾಸ್ತಿ. ನನಗೆ ಹುಚ್ಚು ಹಿಡಿಸಿದ್ದು ಆ ಯಂತ್ರದ ಒಳಗೆ ಕೂತವರ ಜಗಳ. ಎಲ್ಲರಿಗೂ ಒಬ್ಬನೇ ಮೂಲಪುರುಷ, ಒಂದೇ ಕಾನೂನು, ಒಂದೇ ಗುರಿ. ಆದರೂ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುವುದಿಲ್ಲ. ಈ ಜಗಳವನ್ನು ನಮ್ಮ ಮನೆಯ ಆಟಕ್ಕೆ ಹೇಗೆ ತಂದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಈ ಆಟವನ್ನು 1984ರಲ್ಲಿ ಶಿಕಾಗೋದ ಫಾಸಾ ಕಂಪನಿ ತಂದಿತು. ಆಗ ಅದರ ಹೆಸರು ಬ್ಯಾಟಲ್‌ಡ್ರಾಯ್ಡ್ಸ್. ‘ಡ್ರಾಯ್ಡ್’ ಅನ್ನುವ ಹೆಸರಿನ ಹಕ್ಕು ಲ್ಯೂಕಾಸ್‌ಫಿಲ್ಮ್‌ನವರದಾಗಿತ್ತು, ಹಾಗಾಗಿ ಮರುವರ್ಷವೇ ಬ್ಯಾಟಲ್‌ಟೆಕ್ ಅಂತ ಹೆಸರು ಬದಲಾಯಿತು. ಕಥೆ ನಡೆಯುವುದು 31ನೇ ಶತಮಾನದಲ್ಲಿ. ಮನುಷ್ಯರು ಸಾವಿರಾರು ಗ್ರಹಗಳಿಗೆ ಹರಡಿದ್ದಾರೆ. ಅವರನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿದ್ದ ಸ್ಟಾರ್ ಲೀಗ್ ಮುರಿದುಬಿದ್ದಾಗ, 2784ರಲ್ಲಿ ಜನರಲ್ ಅಲೆಕ್ಸಾಂಡರ್ ಕೆರೆನ್‌ಸ್ಕಿ ಸೈನ್ಯದ ಬಹುಪಾಲನ್ನು ಕಟ್ಟಿಕೊಂಡು ಗೊತ್ತಿರುವ ನಕ್ಷತ್ರಗಳನ್ನೆಲ್ಲ ದಾಟಿ ಹೊರಟುಹೋದ. ಹೋದ ಕಡೆಯಲ್ಲೂ ಅವರವರೇ ಬಡಿದಾಡಿಕೊಂಡರು. ಆಗ ಅವನ ಮಗ ನಿಕೋಲಸ್ ಹಳೆಯ ಗುರುತುಗಳನ್ನೆಲ್ಲ ಅಳಿಸಿ, 800 ಯೋಧರನ್ನು ಆರಿಸಿ, ತಲಾ 40 ಜನರಂತೆ 20 ಕ್ಲಾನ್ ಕಟ್ಟಿದ. ಯೋಧರು, ವಿಜ್ಞಾನಿಗಳು, ವ್ಯಾಪಾರಿಗಳು, ತಂತ್ರಜ್ಞರು, ಕೂಲಿಗಳು ಅಂತ ಐದು ಜಾತಿ. ಮಾತು ನಡೆಯುವುದು ಯೋಧರದ್ದು ಮಾತ್ರ. ಹೆಚ್ಚಿನ ಯೋಧರು ತಾಯಿಯ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ, ಆಯ್ದ ವಂಶವಾಹಿಗಳಿಂದ ಪ್ರಯೋಗಾಲಯದಲ್ಲಿ ತಯಾರಾಗುತ್ತಾರೆ. ತಾಯಿ ಹೊಟ್ಟೆಯಲ್ಲಿ ಹುಟ್ಟಿದವನನ್ನು ‘ಫ್ರೀಬರ್ತ್’ ಅಂತ ಬೈಯುತ್ತಾರೆ. ಕ್ಲಾನ್ ಆಡುವಾಗ ಈ ಜನ ಆದರ್ಶಪುರುಷರಲ್ಲ ಅನ್ನುವುದು ತಲೆಯಲ್ಲಿರಬೇಕು. ನಮ್ಮ ಮೇಜಿನಲ್ಲಿ ಇದನ್ನು ಮೊದಲ ದಿನವೇ ಹೇಳಿ ಮುಗಿಸಿದೆ.

ಮುಂದಿನ ಇನ್ನೂರು ಚಿಲ್ಲರೆ ವರ್ಷ ಅವರನ್ನು ಕಾಡಿದ್ದು ಒಂದೇ ಪ್ರಶ್ನೆ: ವಾಪಸ್ ಹೋಗಬೇಕಾ, ಹೋದರೆ ಯಾಕೆ? ಹೋಗಿ ಎಲ್ಲವನ್ನೂ ಗೆದ್ದು, ನಾವೇ ಕೂತು ಹೊಸ ಸ್ಟಾರ್ ಲೀಗ್ ಕಟ್ಟಬೇಕು ಅನ್ನುವವರು ಕ್ರುಸೇಡರ್‌ಗಳು. ನಮ್ಮ ಕೆಲಸ ಹಿಂದೆ ಬಿಟ್ಟುಬಂದ ಜನರನ್ನು ಹೊರಗಿನ ಅಪಾಯದಿಂದ ಕಾಯುವುದು, ಅವರನ್ನು ಆಳುವುದಲ್ಲ ಅನ್ನುವವರು ವಾರ್ಡನ್‌ಗಳು. 3048ರಲ್ಲಿ, ಹಿಂದೆ ಉಳಿದ ಗ್ರಹಗಳ ನಡುವಿನ ಸಂಪರ್ಕ ಜಾಲ ನಡೆಸುವ ಕಾಮ್‌ಸ್ಟಾರ್ ಸಂಸ್ಥೆಯ ಒಂದು ಅನ್ವೇಷಣಾ ನೌಕೆ ದಾರಿ ಹುಡುಕುತ್ತಾ ಸ್ಮೋಕ್ ಜಾಗ್ವಾರ್ ಕ್ಲಾನ್‌ನ ಗ್ರಹಕ್ಕೇ ಬಂದುಬಿಟ್ಟಿತು. ನಮ್ಮನ್ನು ಕಂಡುಹಿಡಿದರು, ಇನ್ನು ಕಾಯುವುದು ಬೇಡ ಅಂತ ಗ್ರ್ಯಾಂಡ್ ಕೌನ್ಸಿಲ್‌ನಲ್ಲಿ, ಅಂದರೆ ಕ್ಲಾನ್‌ಗಳ ಮುಖ್ಯಸ್ಥರಾದ ಖಾನ್‌ಗಳ ಸಭೆಯಲ್ಲಿ, ಮತಕ್ಕೆ ಹಾಕಿದರು. ಆ ಹೊತ್ತಿಗೆ 17 ಕ್ಲಾನ್ ಉಳಿದಿದ್ದವು. ಫಲಿತಾಂಶ 16ಕ್ಕೆ 1. ಬೇಡ ಅಂದದ್ದು ವುಲ್ಫ್ ಕ್ಲಾನ್ ಒಂದೇ. ತಮಾಷೆ ಏನೆಂದರೆ ಯುದ್ಧ ಶುರುವಾದ ಮೇಲೆ ಎಲ್ಲರಿಗಿಂತ ಮುಂದೆ ನುಗ್ಗಿದ್ದೂ ಅದೇ ವುಲ್ಫ್.

ಈ ಕಥೆಯನ್ನು ಆಟದ ಮೊದಲ ಅರ್ಧ ಗಂಟೆ ಓದಿ ಹೇಳಿ, ಆಮೇಲೆ ದಾಳ ಉರುಳಿಸುತ್ತಾ ಕೂರುವುದು ಸುಲಭ. ಹಾಗೆ ಮಾಡಿದರೆ ರಾಜಕೀಯ ಬರೀ ಅಲಂಕಾರ. ಅದಕ್ಕೇ ನಾನು ಒಂದು ನಿಯಮ ಇಟ್ಟುಕೊಂಡೆ. ಸಭೆಯಲ್ಲಿ ಆಡಿದ ಮಾತಿಗೆ ಮ್ಯಾಪ್ ಮೇಲೆ ಟನ್ ಲೆಕ್ಕದಲ್ಲಿ ಬೆಲೆ ಬೀಳಬೇಕು. ಬೆಲೆ ಬೀಳದ ಮಾತನ್ನು ಆಡಿಸಲೇ ಬಾರದು. ಮುಂದೆ ಮಾಡಿದ್ದೆಲ್ಲ ಇದರಿಂದ ಹುಟ್ಟಿದ್ದು.

ಕಾಲ ಯಾವುದು ಅಂತ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. 3050ರ ದಾಳಿಯಿಂದ ಶುರು ಮಾಡೋಣ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಗೆಲ್ಲುತ್ತಿರುವವರ ನಡುವೆ ರಾಜಕೀಯ ಇರುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ನಾನು ಆರಿಸಿದ್ದು 3052ರ ಮೇ ಕಳೆದ ಮೇಲಿನ ದಿನಗಳು, ಅಂದರೆ ಟುಕಾಯಿಡ್ ಗ್ರಹದ ಕಾಳಗ ಆದ ಮೇಲೆ. ಆ ಗ್ರಹದಲ್ಲಿ ಏಳು ಕ್ಲಾನ್‌ಗಳು ತಲಾ ಎರಡು ಊರು ಹಿಡಿಯುತ್ತೇವೆ ಅಂತ ಇಳಿದವು. ಎದುರಿಗೆ ಕಾಮ್‌ಸ್ಟಾರ್‌ನ ಸೇನಾಪತಿ ಅನಸ್ಟೇಷಿಯಸ್ ಫೋಕ್ಟ್. ಕ್ಲಾನ್ ಗೆದ್ದರೆ ಭೂಗ್ರಹವೇ ಅವರದು, ಸೋತರೆ 15 ವರ್ಷ ಒಪ್ಪಂದದ ಗೆರೆ ದಾಟುವ ಹಾಗಿಲ್ಲ. ವುಲ್ಫ್ ತನ್ನ ಪಾಲಿನ ಎರಡು ಊರನ್ನೂ ಹಿಡಿಯಿತು. ಘೋಸ್ಟ್ ಬೇರ್ ಹೇಗೋ ಗೆದ್ದೆವು ಅನ್ನಿಸಿಕೊಂಡಿತು. ಜೇಡ್ ಫಾಲ್ಕನ್ ಸೋಲಲಿಲ್ಲ, ಗೆಲ್ಲಲೂ ಇಲ್ಲ. ಉಳಿದವರು ಸೋತರು. ಈಗ ಯೋಚಿಸಿ, ಯುದ್ಧವೇ ಬೇಡ ಅಂದಿದ್ದವರು ಗೆದ್ದಿದ್ದಾರೆ, ಬೇಕೇ ಬೇಕು ಅಂದವರು ಸೋತು ಕೂತಿದ್ದಾರೆ. ಜೊತೆಗೆ 15 ವರ್ಷ ಕೈಕಟ್ಟಿ ಕೂರಬೇಕು. ಇದಕ್ಕಿಂತ ಒಳ್ಳೆಯ ಜಗಳದ ಹೊತ್ತು ಇನ್ನೊಂದು ಸಿಗುವುದಿಲ್ಲ.

ನಾವು ಒಟ್ಟು ಆರು ಜನ, ನಡೆಸುವವನು ನಾನು. ವುಲ್ಫ್ ಆಡಿದವನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಗೆಳೆಯ, ಲೆಕ್ಕದಲ್ಲಿ ಪಕ್ಕಾ. ಜೇಡ್ ಫಾಲ್ಕನ್ ನನ್ನ ಕಾಲೇಜಿನ ದಿನದ ರೂಮ್‌ಮೇಟ್. ಸ್ಮೋಕ್ ಜಾಗ್ವಾರ್ ನಮ್ಮ ಚಿಕ್ಕಪ್ಪನ ಮಗ. ಘೋಸ್ಟ್ ಬೇರ್ ನನ್ನ ಹೆಂಡತಿ. ಡೈಮಂಡ್ ಶಾರ್ಕ್ ಅವಳ ಗೆಳತಿ. ಇಲ್‌ಖಾನ್ ಉಲ್ರಿಕ್ ಕೆರೆನ್‌ಸ್ಕಿ, ಅಂದರೆ ಎಲ್ಲ ಖಾನ್‌ಗಳ ಮೇಲಿನ ಖಾನ್, ನನ್ನ ಕೈಯಲ್ಲಿ. ಆಟಗಾರರ ಖಾನ್‌ಗಳೆಲ್ಲ ನಾವೇ ಕಟ್ಟಿದ ಪಾತ್ರಗಳು. ಕಥೆಯಲ್ಲಿರುವ ದೊಡ್ಡ ಹೆಸರುಗಳನ್ನು ಆಟಗಾರರಿಗೆ ಕೊಟ್ಟರೆ ಅವರು ‘ನನ್ನ ಪಾತ್ರ ಹೀಗೆ ಮಾಡುವುದಿಲ್ಲ’ ಅಂತ ಓದಿದ್ದನ್ನೇ ಒಪ್ಪಿಸುತ್ತಾರೆ.

ಆಮೇಲೆ ಬಂದದ್ದು ಎರಡನೇ ಕುರ್ಚಿ. ವಾರ್ಡನ್ ಕ್ರುಸೇಡರ್ ಅನ್ನುವ ಗೆರೆ ಕ್ಲಾನ್‌ಗಳ ಮಧ್ಯೆ ಇರುವುದಕ್ಕಿಂತ ಪ್ರತಿ ಕ್ಲಾನ್‌ನ ಒಳಗೆ ಜಾಸ್ತಿ. ವಾರ್ಡನ್ ಅಂತ ಹೆಸರಾದ ವುಲ್ಫ್ ಒಳಗೇ ಕಟ್ಟಾ ಕ್ರುಸೇಡರ್‌ಗಳಿದ್ದರು, ಕೊನೆಗೆ ಆ ಕ್ಲಾನ್ ಒಡೆದದ್ದೂ ಅದೇ ಗೆರೆಯ ಮೇಲೆ. ಇದನ್ನು ಆಟದಲ್ಲಿ ತರಲು ಪ್ರತಿಯೊಬ್ಬರಿಗೂ ಎರಡೆರಡು ಪಾತ್ರ ಕೊಟ್ಟೆ. ಒಂದು, ಸ್ವಂತ ಕ್ಲಾನ್‌ನ ಖಾನ್. ಇನ್ನೊಂದು, ಬೇರೆಯವರ ಕ್ಲಾನ್‌ನ ಒಳಗೆ ಕೂತ ವಿರೋಧಿ ಬಣದ ಅಧಿಕಾರಿ. ವುಲ್ಫ್‌ನವನು ಫಾಲ್ಕನ್ ಒಳಗಿನ ವಿರೋಧಿ, ಫಾಲ್ಕನ್‌ನವನು ವುಲ್ಫ್ ಒಳಗಿನ ವಿರೋಧಿ. ಜಾಗ್ವಾರ್ ಮತ್ತು ಬೇರ್ ಹಾಗೆಯೇ ಅದಲು ಬದಲು. ಶಾರ್ಕ್ ಒಳಗಿನ ವಿರೋಧಿ ನಾನು. ‘ಅಣ್ಣ, ನನ್ನ ಮನೆಯೊಳಗೆ ಅತ್ತಿಗೆಯನ್ನ ಯಾಕೆ ಬಿಟ್ಟೆ?’ ಅಂತ ತಮ್ಮ ಅವತ್ತೇ ಗೊಣಗಿದ. ಅವನ ಅನುಮಾನ ಸುಳ್ಳಾಗಲಿಲ್ಲ.

ಸಾಮಾನು ಸರಂಜಾಮಿಗೆ ಜಾಸ್ತಿ ಖರ್ಚು ಮಾಡಲಿಲ್ಲ. ಹೊರದೇಶದಿಂದ ಗೊಂಬೆ ತರಿಸಿದರೆ ಕೊರಿಯರ್ ಮತ್ತು ಕಸ್ಟಮ್ಸ್ ಸೇರಿ ಗೊಂಬೆಗಿಂತ ಸಾಗಾಟವೇ ದುಬಾರಿ. ದಪ್ಪ ರಟ್ಟಿನ ಮೇಲೆ ಚಿತ್ರ ಅಂಟಿಸಿ ಕತ್ತರಿಸಿಕೊಂಡೆವು. ಪ್ರತಿ ಯಂತ್ರದ ರೆಕಾರ್ಡ್ ಶೀಟನ್ನು ಮೆಗಾಮೆಕ್‌ಲ್ಯಾಬ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ತೆಗೆದು ಜೆರಾಕ್ಸ್ ಮಾಡಿಸಿದೆ. ಆರು ಮೂಲೆಯ ಮನೆಗಳಿರುವ ಮ್ಯಾಪನ್ನು ಫ್ಲೆಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಚುನಾವಣೆ ಹತ್ತಿರ ಇದ್ದ ದಿನಗಳು. ಅಂಗಡಿಯವರು ಫೈಲ್ ನೋಡಿ, ‘ಯಾವ ಪಾರ್ಟಿದು ಸಾರ್, ಫೋಟೋನೇ ಇಲ್ವಲ್ಲ?’ ಅಂದರು.

ಮರ್ಯಾದೆಯ ಲೆಕ್ಕಕ್ಕೆ ಕೇರಂ ಕಾಯಿ. ಪ್ರತಿ ಖಾನ್‌ಗೆ ಒಂದಷ್ಟು ಕಾಯಿ ಕೊಟ್ಟೆ. ಕೊಟ್ಟ ಮಾತು ತಪ್ಪಿದರೆ ಕಾಯಿ ಹೋಗುತ್ತದೆ, ಸವಾಲು ಎತ್ತಿ ಗೆದ್ದರೆ ಬರುತ್ತದೆ. ಸಭೆಯಲ್ಲಿ ಮಾತಾಡಲು ಎದ್ದು ನಿಲ್ಲಬೇಕಾದರೂ ಒಂದು ಕಾಯಿ ಮೇಜಿನ ಮೇಲೆ ಇಡಬೇಕು. ಕ್ಲಾನ್ ಯೋಧರು ಸಭೆಯಲ್ಲಿ ಮಾತನ್ನು ಮೊಟಕು ಮಾಡುವುದಿಲ್ಲ, ಬೀದಿ ಮಾತು ಆಡುವುದಿಲ್ಲ. ಅದಕ್ಕಾಗಿ ನಮ್ಮಲ್ಲೂ ಸಭೆ ನಡೆಯುವಾಗ ಲೋ, ಮಗಾ, ಗುರು ಎಲ್ಲ ಬಂದ್. ತಾವು, ಖಾನ್, ಪೂರ್ತಿ ವಾಕ್ಯ. ಬಾಯ್ತಪ್ಪಿದರೆ ಒಂದು ಕಾಯಿ ದಂಡ. ರೂಮ್‌ಮೇಟ್ ಮೊದಲ ಸಭೆಯಲ್ಲೇ ‘ತಾವು ಏನ್ ಗುರು ಹೇಳ್ತಿರೋದು’ ಅಂದು ಕಾಯಿ ಕಳೆದುಕೊಂಡ.

ಈಗ ಬಿಡ್ ವಿಷಯ. ಕ್ಲಾನ್ ರಾಜಕೀಯದ ಗುಟ್ಟೆಲ್ಲ ಇಲ್ಲಿದೆ. ಅವರು ಬಡ ಗ್ರಹಗಳಲ್ಲಿ ಬೆಳೆದವರು, ಯುದ್ಧದಲ್ಲಿ ಎಲ್ಲವನ್ನೂ ಸುಟ್ಟರೆ ಮರುದಿನ ಊಟಕ್ಕಿಲ್ಲ. ಅದಕ್ಕೇ ದಾಳಿ ಮಾಡುವವನು ಮೊದಲು ‘ನನಗೆ ಇಂಥದ್ದು ಬೇಕು, ನೀವು ಯಾವ ಬಲದಿಂದ ಕಾಯುತ್ತೀರಿ?’ ಅಂತ ಕೇಳಿ ಸವಾಲು ಹಾಕುತ್ತಾನೆ. ಇದಕ್ಕೆ ಬ್ಯಾಚಾಲ್ ಅನ್ನುತ್ತಾರೆ. ಎದುರಿನವರು ಉತ್ತರ ಕೊಟ್ಟ ಮೇಲೆ ದಾಳಿ ಮಾಡುವ ಕ್ಲಾನ್‌ನ ಕಮಾಂಡರ್‌ಗಳು ತಮ್ಮತಮ್ಮಲ್ಲೇ ಬಿಡ್ ಕೂಗುತ್ತಾರೆ. ಯಾರು ಅತಿ ಕಡಿಮೆ ಬಲದಲ್ಲಿ ಗೆಲ್ಲುತ್ತೇನೆ ಅನ್ನುತ್ತಾನೋ ಅವನಿಗೆ ಯುದ್ಧ. ನಮ್ಮ ಟೆಂಡರ್ ಇದ್ದ ಹಾಗೆ, ಕಡಿಮೆ ರೇಟು ಹಾಕಿದವನಿಗೆ ಕೆಲಸ. ಗೆದ್ದರೆ ಹೆಸರೆಲ್ಲ ಅವನದು. ಗೆಲ್ಲಲು ಕನಿಷ್ಠ ಇಷ್ಟು ಬೇಕೇ ಬೇಕು ಅನ್ನುವ ಮಟ್ಟಕ್ಕೆ ಕಟ್‌ಡೌನ್ ಅನ್ನುತ್ತಾರೆ. ಅದಕ್ಕಿಂತ ಕೆಳಗೆ ಇಳಿದವನು ಒಂದೋ ಮಹಾವೀರ, ಇಲ್ಲ ಮೂರ್ಖ. ಬಿಡ್‌ನಲ್ಲಿ ಬಿಟ್ಟುಕೊಟ್ಟ ಬಲವನ್ನು ಯುದ್ಧದ ಮಧ್ಯೆ ವಾಪಸ್ ಕರೆಸಬಹುದು, ಆದರೆ ಮಾನ ಹೋಗುತ್ತದೆ.

ನಮ್ಮಲ್ಲಿ ನಡೆದ ಒಂದು ಬಿಡ್ಡನ್ನು ಹಾಗೇ ಹೇಳುತ್ತೇನೆ. ವುಲ್ಫ್‌ನ ಒಂದು ಬಿಡಿಭಾಗದ ಗೋದಾಮು ಫಾಲ್ಕನ್‌ಗೆ ಬೇಕಾಗಿತ್ತು. ಕಾಯಲು ವುಲ್ಫ್ ಮೂರು ಯಂತ್ರ ಹೇಳಿತು: ಟಿಂಬರ್ ವುಲ್ಫ್ 75 ಟನ್, ಸ್ಟಾರ್ಮ್‌ಕ್ರೋ 55, ಆಡರ್ 35. ಒಟ್ಟು 165. ಫಾಲ್ಕನ್ ಖಾನ್‌ನ ಕಡೆಯವರು ಒಂದು ಪೂರ್ತಿ ಸ್ಟಾರ್ ತರುತ್ತೇವೆ ಅಂದರು, ಅಂದರೆ ಐದು ಯಂತ್ರ: ಟಿಂಬರ್ ವುಲ್ಫ್, 70 ಟನ್‌ನ ಸಮನರ್, 60ರ ಮ್ಯಾಡ್ ಡಾಗ್, 50ರ ನೋವಾ, 30ರ ಕಿಟ್ ಫಾಕ್ಸ್. ಒಟ್ಟು 285. ಆಗ ಫಾಲ್ಕನ್ ಒಳಗಿನ ವಿರೋಧಿ ಎದ್ದ. ಆ ಕುರ್ಚಿಯಲ್ಲಿ ಇರುವುದು ಯಾರು? ಗೋದಾಮು ಕಾಯುತ್ತಿರುವ ವುಲ್ಫ್‌ನವನೇ! ‘ಖಾನ್ ಅವರಿಗೆ ಗೋದಾಮು ಹಿಡಿಯಲು ಟಿಂಬರ್ ವುಲ್ಫ್ ಬೇಕೆ? ನಾನು ಅದಿಲ್ಲದೆ ಹಿಡಿಯುತ್ತೇನೆ.’ 210. ರೂಮ್‌ಮೇಟ್‌ಗೆ ಉರಿಯಿತು. ನೋವಾ ತೆಗೆದ, 160. ನೋವಾ ತೆಗೆಯಲು ಅವನಿಗೆ ಕಾರಣ ಇತ್ತು. ಅದರಲ್ಲಿರುವ 12 ಲೇಸರ್ ಒಟ್ಟಿಗೆ ಹೊಡೆದರೆ 60 ಹೀಟ್, ಅಷ್ಟನ್ನು ಆ ಯಂತ್ರ ನುಂಗಲಾರದು, ನಿಂತಲ್ಲೇ ಬಂದ್ ಆಗುವ ಭಯ. ವಿರೋಧಿ ಶಾಂತವಾಗಿ ಕಿಟ್ ಫಾಕ್ಸ್ ತೆಗೆದ. 130.

ಮೇಜಿನ ಸುತ್ತ ಎಲ್ಲರೂ ಗಪ್‌ಚುಪ್. ವಿರೋಧಿಗೆ 130ಕ್ಕೆ ಬಿಟ್ಟುಕೊಟ್ಟರೆ ಅವನು ಬೇಕೆಂತಲೇ ಸೋಲುತ್ತಾನೆ, ಸೋತದ್ದು ಫಾಲ್ಕನ್ ಹೆಸರಿಗೆ ಬರುತ್ತದೆ. ಕೆಳಗೆ ಇಳಿದರೆ ಇನ್ನೊಂದು ಯಂತ್ರ ಹೋಗುತ್ತದೆ. ‘ಇದು ಮೋಸ’ ಅಂದ ರೂಮ್‌ಮೇಟ್. ನಾನು ಕೈಗಡಿಯಾರ ತೋರಿಸಿದೆ. ಒಂದು ಬಿಡ್‌ಗೆ ಒಂದು ನಿಮಿಷ ಅನ್ನುವುದು ನಮ್ಮ ನಿಯಮ. ಅವನು ಅದೇ ಎರಡು ಯಂತ್ರ ಇಟ್ಟುಕೊಂಡು, ಮ್ಯಾಡ್ ಡಾಗ್‌ನ ಕ್ಷಿಪಣಿ ಮದ್ದನ್ನು ಅರ್ಧಕ್ಕೆ ಇಳಿಸುತ್ತೇನೆ ಅಂತ ಹೊಸ ದಾರಿ ತೆಗೆದ. ನಿಯಮದಲ್ಲಿ ಅದು ಇರಲಿಲ್ಲ. ಆದರೆ ಕಡಿಮೆ ಬಲ ಅಂದರೆ ಕಡಿಮೆ ಬಲವೇ ಅಲ್ವಾ? ಇಲ್‌ಖಾನ್ ಆಗಿ ಒಪ್ಪಿದೆ. ಬಿಡ್ ಅವನದಾಯಿತು.

ಯುದ್ಧ ಚೆನ್ನಾಗೇ ಹೋಯಿತು. ಕ್ಲಾನ್ ಕಾಳಗದಲ್ಲಿ ಒಬ್ಬರಿಗೆ ಒಬ್ಬರು. ಒಬ್ಬ ಇನ್ನೊಬ್ಬನನ್ನು ಕರೆದರೆ ಮೂರನೆಯವನು ಬಾಯಿ ಹಾಕುವ ಹಾಗಿಲ್ಲ, ಇದಕ್ಕೆ ಜೆಲ್‌ಬ್ರಿಗನ್ ಅಂತ ಹೆಸರು. ಹಾಗಾಗಿ ಎರಡು ಯಂತ್ರ ಮೂರನ್ನು ಎದುರಿಸುವುದು ಆಗದ ಮಾತಲ್ಲ. ಸಮನರ್ ಹಾರಿ ಹಾರಿ ಸ್ಟಾರ್ಮ್‌ಕ್ರೋವನ್ನು ಕೆಡವಿತು. ಆದರೆ ಮ್ಯಾಡ್ ಡಾಗ್‌ನ ಅರ್ಧ ಮದ್ದು ಟಿಂಬರ್ ವುಲ್ಫ್ ಮುಂದೆ ಖಾಲಿಯಾಯಿತು. ಕೊನೆಗೆ ಅವನು ತಲೆ ಕೆರೆದುಕೊಂಡು ಕಿಟ್ ಫಾಕ್ಸನ್ನು ಕರೆಸಿದ, ಗೋದಾಮು ಹಿಡಿದ. ಎರಡು ಕಾಯಿ ಹೋಯಿತು. ಗೋದಾಮು ಸಿಕ್ಕಿತು, ಆದರೆ ಮುಂದಿನ ಗ್ರ್ಯಾಂಡ್ ಕೌನ್ಸಿಲ್‌ನಲ್ಲಿ ಎದ್ದು ಮಾತಾಡಲು ಅವನ ಕೈಯಲ್ಲಿ ಉಳಿದದ್ದು ಒಂದೇ ಕಾಯಿ. ಬಿಡ್ ಇಳಿಸಿದವನಿಗೆ ಬೇಕಾಗಿದ್ದೂ ಇದೇ.

ಬಿಡ್ ಮಾಡಿಸುವವರಿಗೆ ಒಂದು ಸಲಹೆ. ಟನ್ ಲೆಕ್ಕದಲ್ಲೇ ಕೂಗಿಸಿ. ಬ್ಯಾಟಲ್ ವ್ಯಾಲ್ಯೂ ಅಂತ ಆಟದಲ್ಲಿ ಹೆಚ್ಚು ನಿಖರವಾದ ಅಂಕ ಇದೆ, ಎರಡು ಪಡೆ ಸರಿಸಮ ಇದೆಯಾ ಅಂತ ನೋಡಲು ಅದೇ ಸರಿ. ಆದರೆ ಬಿಡ್ ಕೂಗುವಾಗ ‘ಎರಡು ಸಾವಿರದ ಏಳುನೂರ ಮೂವತ್ತೇಳು’ ಅಂತ ಯಾರೂ ಜಂಬದಿಂದ ಕೂಗಲಾಗುವುದಿಲ್ಲ. ಯಂತ್ರದ ಹೆಸರು ಹಿಡಿದು ‘ಇದು ನನಗೆ ಬೇಡ’ ಅಂತ ರಟ್ಟಿನ ತುಂಡನ್ನು ಎತ್ತಿ ಪಕ್ಕಕ್ಕೆ ಇಡಬೇಕು. ಆಗ ನೋಡಿ ಎದುರಿನವನ ಮುಖ!

ಬ್ಯಾಟಲ್ ವ್ಯಾಲ್ಯೂ ಬೇಕಾಗುವುದು ಗ್ರ್ಯಾಂಡ್ ಕೌನ್ಸಿಲ್‌ನಲ್ಲಿ. ಪ್ರತಿ ಕ್ಲಾನ್‌ಗೆ ಇಬ್ಬರು ಖಾನ್, 17 ಕ್ಲಾನ್‌ಗೆ 34 ಮತ. ಸೋತ ಪಕ್ಷ ‘ನಾವು ಒಪ್ಪುವುದಿಲ್ಲ’ ಅಂತ ಟ್ರಯಲ್ ಆಫ್ ರೆಫ್ಯೂಸಲ್ ಕೇಳಬಹುದು, ಅಂದರೆ ತೀರ್ಮಾನವನ್ನು ಯುದ್ಧದಲ್ಲಿ ಪ್ರಶ್ನಿಸುವುದು. ಆ ಯುದ್ಧದಲ್ಲಿ ಎರಡೂ ಕಡೆಯ ಬಲ ಮತಗಳ ಅನುಪಾತದಲ್ಲೇ ಇರುತ್ತದೆ. 3048ರಲ್ಲಿ ವುಲ್ಫ್ ಹಾಗೆ ಕೇಳಿದ್ದರೆ ಒಂದಕ್ಕೆ ಹದಿನಾರು ಎದುರಿಸಬೇಕಿತ್ತು. ಮತ ಅಂದರೆ ಬರೀ ಗೆಲುವು ಸೋಲಲ್ಲ, ಎಷ್ಟರಲ್ಲಿ ಗೆದ್ದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸೋಲುವುದು ಖಾತ್ರಿ ಇದ್ದರೂ ಕೊನೆಯ ನಿಮಿಷದವರೆಗೆ ಒಂದೊಂದು ಮತಕ್ಕೂ ಬೆನ್ನು ಹತ್ತಬೇಕಾಗುತ್ತದೆ. ಆಟ ನಡೆಸುವವನಿಗೆ ಇದಕ್ಕಿಂತ ದೊಡ್ಡ ವರ ಬೇಕಾ?

ಆಟಗಾರರ ಐದು ಕ್ಲಾನ್ ಬಿಟ್ಟರೆ ಉಳಿದ ಹನ್ನೆರಡಕ್ಕೆ ಒಂದೊಂದು ಕಾರ್ಡ್ ಬರೆದೆ. ಕಾರ್ಡ್‌ನಲ್ಲಿ ಮೂರೇ ಸಾಲು: ಏನು ಬೇಕು, ಯಾರ ಮೇಲೆ ಹಗೆ, ಏನು ಕೊಟ್ಟರೆ ಮತ ಬದಲಾಗುತ್ತದೆ. ಹಗೆಗೆ ಕಥೆಯೊಳಗೇ ಬೇಕಾದಷ್ಟು ಸರಕು ಇದೆ. ಡೈಮಂಡ್ ಶಾರ್ಕ್‌ಗಳ ಹಳೆಯ ಹೆಸರು ಸೀ ಫಾಕ್ಸ್. ಆ ಹೆಸರಿನ ಕಡಲ ಪ್ರಾಣಿಯೇ ಅವರ ಕುಲದ ಗುರುತು. ಸ್ನೋ ರೇವನ್‌ಗಳು ಅದನ್ನು ತಿನ್ನುವ ಹೊಸ ಶಾರ್ಕ್ ಸೃಷ್ಟಿಸಿ ಕಡಲಿಗೆ ಬಿಟ್ಟರು. ತಮ್ಮ ಗುರುತಿನ ಪ್ರಾಣಿ ಅಳಿಯುವುದನ್ನು ನೋಡಿದ ಕ್ಲಾನ್, ತಿಂದ ಪ್ರಾಣಿಯ ಹೆಸರನ್ನೇ ಇಟ್ಟುಕೊಂಡಿತು. ಇಂಥ ಹಗೆ ಮರೆಯುವಂಥದ್ದಾ? ಸ್ಟೀಲ್ ವೈಪರ್‌ಗಳು ಫಾಲ್ಕನ್ ಹಿಡಿದ ಪ್ರದೇಶವನ್ನೇ ಹಂಚಿಕೊಂಡು ಕೂತವರು, ಗಡಿ ಜಗಳ ದಿನಾ ಇದ್ದದ್ದೇ. ಫೈರ್ ಮ್ಯಾಂಡ್ರಿಲ್‌ಗಳು ಒಳಗೇ ಕಿಂಡ್ರಾ ಅನ್ನುವ ಬಣಗಳಾಗಿ ಹರಿದು ಹಂಚಿಹೋಗಿದ್ದಾರೆ. ಅವರ ಎರಡು ಮತ ಎರಡು ಕಡೆ ಬೀಳುವ ಹಾಗೆ ಕಾರ್ಡ್ ಬರೆದೆ. ದಾಳಿಗೆ ಹೋಗಲು ಅವಕಾಶ ಸಿಗದೆ ಮನೆಯಲ್ಲೇ ಉಳಿದ ಕ್ಲಾನ್‌ಗಳಿಗೆ ಬೇರೆಯೇ ಹೊಟ್ಟೆಕಿಚ್ಚು: ಹೋದವರು ಹೊಸ ಗ್ರಹ, ಹೊಸ ಕಾರ್ಖಾನೆ ಅಂತ ಗುಡ್ಡೆ ಹಾಕಿಕೊಂಡಿದ್ದಾರೆ, ನಮಗೇನು?

ಒಪ್ಪಂದ ಮುರಿಯೋಣ ಅನ್ನುವ ನಿರ್ಣಯ ತಂದವನು ಜಾಗ್ವಾರ್ ಆಡುವ ತಮ್ಮ. ಮಾತು ಚೆನ್ನಾಗಿ ಕಲಿತು ಬಂದಿದ್ದ. ಟುಕಾಯಿಡ್ ಸೋಲು ಯೋಧರದ್ದಲ್ಲ, ಅಲ್ಲಿಗೆ ಕರೆದೊಯ್ದವನದ್ದು ಅಂತ ಇಲ್‌ಖಾನ್ ಕಡೆ ಬೆರಳು ತೋರಿಸಿದ. ನನ್ನ ಹೆಂಡತಿ ಒಂದು ಕಾಯಿ ಇಟ್ಟು ಎದ್ದಳು. ‘ಜಾಗ್ವಾರ್ ಖಾನ್ ಅವರು ಟರ್ಟಲ್ ಬೇ ಬಗ್ಗೆಯೂ ಎರಡು ಮಾತು ಹೇಳಿದ್ದರೆ ಚೆನ್ನಾಗಿತ್ತು’ ಅಂದು ಕೂತಳು. ಅಷ್ಟೇ. 3050ರಲ್ಲಿ ಆ ಗ್ರಹದ ಎಡೋ ಅನ್ನುವ ನಗರದಲ್ಲಿ ದಂಗೆ ಎದ್ದಾಗ ಜಾಗ್ವಾರ್‌ಗಳು ಆಕಾಶದಲ್ಲಿದ್ದ ಯುದ್ಧನೌಕೆಯಿಂದ ಹೊಡೆದು ಊರನ್ನೇ ಅಳಿಸಿದ್ದರು. ಉಳಿದ ಕ್ಲಾನ್‌ಗಳೂ ತಲೆ ತಗ್ಗಿಸಿದ ಕೆಲಸ ಅದು. ಜಾಗ್ವಾರ್ ಕಡೆ ವಾಲಿದ್ದ ಎರಡು ಕಾರ್ಡನ್ನು ನಾನು ಆಗಲೇ ತಿರುಗಿಸಿ ಇಟ್ಟೆ.

ಆದರೂ ಲೆಕ್ಕ ಹಾಕಿದರೆ 20ಕ್ಕೆ 14, ನಿರ್ಣಯದ ಪರ. ವುಲ್ಫ್‌ನವನು ಕಾಫಿ ಕುಡಿಯೋಣ ಅಂದ. ಶಾರ್ಕ್ ಆಡುವವರ ಜೊತೆ ಅಡುಗೆಮನೆಯಲ್ಲಿ ಏನೋ ಪಿಸುಪಿಸು ಮಾಡಿದ. ಬಂದ ಮೇಲೆ ಶಾರ್ಕ್‌ನ ಖಾನ್ ಪರವಾಗಿ ಕೈ ಎತ್ತಿದರು, ಎರಡನೇ ಖಾನ್ ವಿರುದ್ಧ ಎತ್ತಿದರು. 19ಕ್ಕೆ 15. ತಮ್ಮ ನಕ್ಕ, ‘ಒಂದು ಮತ ತಾನೆ, ಗೆದ್ದಿದ್ದು ನಾನೇ.’

ಆಡಿಟರ್ ಆಫೀಸಿನವನು ಮೊಬೈಲ್ ತೆಗೆದ. ವಿರೋಧಿಸುವವರಿಗೆ 7,000 ಅಂಕದ ಪಡೆ ಅಂತ ನಾವು ಮೊದಲೇ ಗೊತ್ತು ಮಾಡಿದ್ದೆವು. 20ಕ್ಕೆ 14 ಆಗಿದ್ದರೆ ಎದುರಿನವರಿಗೆ 10,000. 19ಕ್ಕೆ 15 ಆದರೆ ಸುಮಾರು 8,870. ಆ ಒಂದು ಮತದ ಬೆಲೆ ಸಾವಿರದ ನೂರಕ್ಕೂ ಮೇಲೆ, ಹೆಚ್ಚುಕಡಿಮೆ ಒಂದು ಕಿಟ್ ಫಾಕ್ಸ್. ಅಷ್ಟಕ್ಕೇ ಮುಗಿಯಲಿಲ್ಲ. ಬಹುಮತದ ಪಕ್ಷಕ್ಕೆ ತನ್ನ ಪಾಲಿನ ಬಲವನ್ನು ಇನ್ನೂ ಇಳಿಸಿ ಬಿಡ್ ಮಾಡುವ ಹಕ್ಕಿದೆ. ಜಾಗ್ವಾರ್ ಒಳಗಿನ ವಿರೋಧಿಯಾಗಿ ನನ್ನ ಹೆಂಡತಿ ಎದ್ದು ನಿಂತಳು. ‘ಇಷ್ಟು ಬಲ ಇಟ್ಟುಕೊಂಡು ಗೆದ್ದರೆ ನಾಳೆ ಮಕ್ಕಳು ನಗುತ್ತಾರೆ’ ಅಂದಳು. ತಮ್ಮ ಜಂಬಕ್ಕೆ ಬಿದ್ದು ಇಳಿಯುತ್ತಾ ಹೋದ. ಕೊನೆಗೆ ಮ್ಯಾಪ್ ಮೇಲೆ ಬಂದಾಗ ಎರಡೂ ಕಡೆ ಹತ್ತಿರ ಹತ್ತಿರ ಸಮ. ವುಲ್ಫ್ ಗೆದ್ದಿತು, ನಿರ್ಣಯ ಬಿದ್ದಿತು. ದೊಡ್ಡ ಕಾಳಗಗಳಿಗೆ ನಾವು ಆಲ್ಫಾ ಸ್ಟ್ರೈಕ್ ಅನ್ನುವ ಚುಟುಕು ನಿಯಮ ಬಳಸಿದೆವು. ಹಳೆಯ ನಿಯಮದಲ್ಲಿ ಆಡಿದ್ದರೆ ಮರುದಿನ ಬೆಳಗಾಗುತ್ತಿತ್ತು.

ಬ್ಲಡ್‌ನೇಮ್ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಆ ಮೊದಲ 800 ಯೋಧರ ಅಡ್ಡಹೆಸರನ್ನು ಹೊರುವ ಹಕ್ಕೇ ಬ್ಲಡ್‌ನೇಮ್. ಒಂದು ಹೆಸರಿಗೆ ಒಂದು ಕಾಲಕ್ಕೆ 25 ಜನ ಮಾತ್ರ. ಒಬ್ಬ ಸತ್ತರೆ ಆ ಜಾಗಕ್ಕೆ 32 ಜನರ ಪೈಪೋಟಿ, ಐದು ಸುತ್ತು, ಒಬ್ಬರಿಗೊಬ್ಬರು. ಪ್ರತಿ ಸುತ್ತಿನಲ್ಲೂ ನಾಣ್ಯ ಹಾಕಿ, ಹೇಗೆ ಹೊಡೆದಾಡುವುದು ಅಂತ ಒಬ್ಬ, ಎಲ್ಲಿ ಅಂತ ಇನ್ನೊಬ್ಬ ಆರಿಸುತ್ತಾರೆ. ಬ್ಲಡ್‌ನೇಮ್ ಇದ್ದವರಿಗೆ ಮಾತ್ರ ಕ್ಲಾನ್ ಕೌನ್ಸಿಲ್‌ನಲ್ಲಿ ಮತ. ಹಾಗಾಗಿ ಯಾವ ಬಣದವನು ಗೆದ್ದ ಅನ್ನುವುದು ಖಾನ್‌ನ ಕುರ್ಚಿಗೇ ಕೈ ಹಾಕುತ್ತದೆ. ನಮ್ಮಲ್ಲಿ ಎಲ್ಲ ಐದು ಸುತ್ತು ಆಡಲು ಹೊತ್ತಿರಲಿಲ್ಲ. ಕೊನೆಯ ಸುತ್ತು ಮಾತ್ರ ಆಡಿ, ಅದಕ್ಕೆ ಮೊದಲಿನದ್ದನ್ನು ದಾಳ ಹಾಕಿ ಮುಗಿಸಿದೆವು. ಫಾಲ್ಕನ್ ಒಳಗಿನ ವಿರೋಧಿ ಹೀಗೇ ಒಂದು ಹೆಸರು ಗೆದ್ದ. ಆಮೇಲೆ ರೂಮ್‌ಮೇಟ್ ರಾತ್ರಿ ನಿದ್ದೆ ಮಾಡಿರಲಾರ.

ಮೂಲ ಕಥೆಯಲ್ಲಿ ಇದೆಲ್ಲ 3057ರಲ್ಲಿ ಸಿಡಿಯುತ್ತದೆ. ಕ್ರುಸೇಡರ್‌ಗಳು ಉಲ್ರಿಕ್‌ನನ್ನು ಕಟಕಟೆಗೆ ಎಳೆಯುತ್ತಾರೆ. ಅವನು ರೆಫ್ಯೂಸಲ್ ಕೇಳಿ, ಆ ಒಂದು ಟ್ರಯಲನ್ನು ವುಲ್ಫ್ ಮತ್ತು ಫಾಲ್ಕನ್ ನಡುವಿನ ಪೂರ್ಣ ಯುದ್ಧವಾಗಿ ಬೆಳೆಸುತ್ತಾನೆ. ಗೆಲ್ಲುವುದಷ್ಟೇ ಅವನ ಲೆಕ್ಕವಲ್ಲ, ಮತ್ತೆ ದಾಳಿಗೆ ಹೋಗಲಾಗದಷ್ಟು ಫಾಲ್ಕನ್‌ಗಳ ರಕ್ತ ಹರಿಸಬೇಕು. ಇತ್ತ ವಾರ್ಡನ್‌ಗಳ ಒಂದು ಪಾಲನ್ನು ವುಲ್ಫ್‌ನ ವಾರ್ಡನ್ ನಾಯಕ ಫೀಲನ್ ಕೆಲ್ ಜೊತೆ ಸುರಕ್ಷಿತವಾಗಿ ಹೊರಗೆ ಕಳಿಸಿಬಿಡುತ್ತಾನೆ. ತಾನು ವೋಟನ್ ಗ್ರಹದಲ್ಲಿ ಸಾಯುತ್ತಾನೆ. 1995ರ ಮೆಕ್‌ವಾರಿಯರ್ 2 ಕಂಪ್ಯೂಟರ್ ಆಟ ಆಡಿದವರಿಗೆ ಈ ಯುದ್ಧ ಗೊತ್ತಿರುತ್ತದೆ. ಸೋಲನ್ನೇ ಆಯುಧ ಮಾಡಿಕೊಂಡ ಇನ್ನೊಬ್ಬ ರಾಜಕಾರಣಿ ಈ ಲೋಕದಲ್ಲಿ ಇಲ್ಲ ಅಂತ ನನ್ನ ಅಭಿಪ್ರಾಯ. ಜಾಗ್ವಾರ್‌ನ ತಮ್ಮ ಇದನ್ನು ಒಪ್ಪುವುದಿಲ್ಲ.

ನಮ್ಮ ಮೇಜು ಬೇರೆ ದಾರಿ ಹಿಡಿಯಿತು. ಮೂಲ ಕಥೆಯಲ್ಲಿ ಘೋಸ್ಟ್ ಬೇರ್‌ಗಳು ಕ್ರುಸೇಡರ್ ಆಗಿದ್ದವರು ನಿಧಾನಕ್ಕೆ ವಾರ್ಡನ್ ಕಡೆ ಬರುತ್ತಾರೆ, ಸದ್ದಿಲ್ಲದೆ ಇಡೀ ಕ್ಲಾನನ್ನೇ ಗೆದ್ದ ಪ್ರದೇಶಕ್ಕೆ ಸಾಗಿಸುತ್ತಾರೆ. ನನ್ನ ಹೆಂಡತಿ ಅದನ್ನು ವರ್ಷಗಳಷ್ಟು ಮುಂಚೆಯೇ ಶುರು ಮಾಡಿದಳು. ಸಾಗಾಟಕ್ಕೆ ಹಡಗು ಕೊಟ್ಟವರು ಶಾರ್ಕ್‌ಗಳು. ಬದಲಿಗೆ ಅವರು ಕೇಳಿದ್ದು ಒಂದೇ, ಸ್ನೋ ರೇವನ್ ತರುವ ಯಾವ ನಿರ್ಣಯಕ್ಕೂ ಬೇರ್‌ಗಳು ಕೈ ಎತ್ತಬಾರದು. ಇಬ್ಬರು ಗೆಳತಿಯರೂ ಈ ಒಪ್ಪಂದವನ್ನು ನಮ್ಮ ಯಾರ ಕಿವಿಗೂ ಬೀಳದ ಹಾಗೆ ತರಕಾರಿ ಹೆಚ್ಚುತ್ತಾ ಮಾಡಿ ಮುಗಿಸಿದ್ದರು. ನನಗೆ ಗೊತ್ತಾದದ್ದು ಸಭೆಯಲ್ಲೇ.

ಈಗ ಇಲ್‌ಖಾನ್ ಚುನಾವಣೆ ಬಾಕಿ ಇದೆ. ವುಲ್ಫ್‌ಗೂ ಫಾಲ್ಕನ್‌ಗೂ ಬೇಡ ಅಂತ ಆಗಿ, ನಾನು ಕಾರ್ಡ್‌ನಲ್ಲಿ ಬರೆದಿಟ್ಟ ಸ್ಟೀಲ್ ವೈಪರ್ ಖಾನ್ ಹೆಸರು ಓಡಾಡುತ್ತಿದೆ. ಆ ಕಾರ್ಡ್ ನನಗೆ ಕೊಡು ಅಂತ ತಮ್ಮ ಕೇಳಿದ್ದಾನೆ, ರೂಮ್‌ಮೇಟ್ ಕೂಡ ಕೇಳಿದ್ದಾನೆ. ಯಾರು ಕಡಿಮೆ ಕೇರಂ ಕಾಯಿ ಇಟ್ಟುಕೊಂಡು ಆಡುತ್ತೇನೆ ಅನ್ನುತ್ತಾರೋ ಅವರಿಗೆ ಕೊಡುತ್ತೇನೆ ಅಂದಿದ್ದೇನೆ. ಸದ್ಯಕ್ಕೆ ತಮ್ಮ ಮೂರಕ್ಕೆ ಇಳಿದಿದ್ದಾನೆ.